ನಮ್ಮೋರ ಹುಡುಗಿ

"ಅಯ್ಯೋ, ನಮ್ಮೋರ ಹುಡುಗೀನೇ ಕಣತ್ತೆ ಇವ್ಳು!"

ಹರ್ಷವರ್ಧನ್ ಎಷ್ಟು ಸಲೀಸಾಗಿ ಹೇಳಿಬಿಟ್ಟ! ತೇಜಶ್ರೀಯ ಬಾಯಿಗೆ ಬಂದಿದ್ದ ಉತ್ತರ ಅಲ್ಲೇ ಉಳಿಯಿತು.

ಎಂ.ಎ. ಸಮಾಜಶಾಸ್ತ್ರದ ಮೊದಲ ಕ್ಷೇತ್ರಕಾರ್ಯ. ಮೇಡಂ ಇಬ್ಬಿಬ್ಬರನ್ನು ಜೋಡಿ ಮಾಡಿ ಚನ್ನರಾಯಪಟ್ಟಣದ ಸುತ್ತಲಿನ ಹಳ್ಳಿಗಳಿಗೆ ಕಳುಹಿಸಿದ್ದರು. ಅದುವರೆಗೆ ಮಾತೇ ಆಡದಿದ್ದ ಹರ್ಷ ಅವಳ ಜೋಡಿಯಾಗಿದ್ದ. ಮಧ್ಯಾಹ್ನ ತನ್ನನ್ನು ಸಾಕಿದ ಸೋದರತ್ತೆಯ ಮನೆಗೇ ಕರೆತಂದಿದ್ದ. ಅತ್ತೆ ಶಿವಗಂಗಮ್ಮ ಹೊಸಿಲಲ್ಲಿ ನಿಂತು, "ಯಾವ ಜನ ಕಣವ್ವ ನೀನು?" ಎಂದು ಕೇಳಿದ್ದರು, ಅಷ್ಟೇ.

ಹರ್ಷ ಗೌಡರ ಮನೆಯ ಹುಡುಗ. ತೇಜಶ್ರೀ ದುದ್ದದ ದಲಿತರ ಕೇರಿಯ ಚಿಕ್ಕಯ್ಯನ ಮಗಳು. ಅದು ಅವನಿಗೆ ಗೊತ್ತಿತ್ತು.

ಆಮೇಲೇನು! ಶಿವಗಂಗಮ್ಮ ಅಡುಗೆಮನೆಯಲ್ಲೇ ಮಣೆ ಹಾಕಿದರು. "ತಿನ್ನವ್ವ, ಒಳ್ಳೆ ಕಡ್ಡಿ ಆಗಿದ್ದೀಯ!" ಎಂದು ಮುದ್ದೆಯ ಮೇಲೆ ಮುದ್ದೆ ಬಡಿಸಿದರು. ತೇಜಶ್ರೀ ತಲೆ ಎತ್ತದೆ ಉಂಡಳು.

ಬಸ್ ಸ್ಟಾಪಿನಲ್ಲಿ ಅವಳು ಸಿಡಿದಳು. "ಉತ್ತರ ಅವರವರ ಬಾಯಿಂದಲೇ ಬರ್ಬೇಕು ಅಂತ ಮೇಡಂ ಹೇಳಿದ್ದು ಮರ್ತೋಯ್ತಾ? ನನ್ನ ಉತ್ತರ ನೀವ್ಯಾಕೆ ಹೇಳಿದ್ರಿ?"

"ನಿಮಗೆ ಅವಮಾನ ಆಗ್ಬಾರ್ದು ಅಂತ..."

"ಅವ್ರು ಮಾಡ್ತಿದ್ರೋ ಇಲ್ವೋ. ನೀವು ಮಾಡಿಯಾಯ್ತು!"

ಅವನ ಮುಖ ಸಣ್ಣಗಾಯಿತು.

ಆ ಸಣ್ಣಗಾದ ಮುಖವೇ ಅವಳನ್ನು ಕರಗಿಸಿದ್ದು. ಜಗಳದಿಂದ ಶುರುವಾದ ಮಾತು ಲೈಬ್ರರಿಗೂ ಬಂತು, ಕ್ಯಾಂಟೀನಿಗೂ ಬಂತು. ಓದು ಮುಗಿಯುವ ಹೊತ್ತಿಗೆ ಬಹುವಚನ ಯಾವಾಗಲೋ ಬಿದ್ದುಹೋಗಿತ್ತು.

"ಸಮಾಜ ಓದಾಕೆ ಎಂ.ಎ. ಯಾಕವ್ವ? ಬಸ್ ಸ್ಟ್ಯಾಂಡಲ್ಲಿ ಒಂದಿನ ಕುಂತ್ಕಂಡ್ರೆ ಸಾಲ್ದಾ?" ಎಂದು ಅಪ್ಪ ಚಿಕ್ಕಯ್ಯ ಗೇಲಿ ಮಾಡುತ್ತಿದ್ದ. ಹಾಸನದ ಆಸ್ಪತ್ರೆಯೊಂದರಲ್ಲಿ ಮಗಳಿಗೆ ಸಮಾಜ ಕಾರ್ಯಕರ್ತೆಯ ಕೆಲಸ ಸಿಕ್ಕಾಗ ಅದೇ ಅಪ್ಪ ಕೇರಿಗೆಲ್ಲ ಸಿಹಿ ಹಂಚಿದ. ರೋಗಿಗಳಿಗೆ ಧೈರ್ಯ ಹೇಳುವುದು, ಯಾರೂ ಇಲ್ಲದವರಿಗೆ ಆಶ್ರಯ ಹುಡುಕುವುದು ಅವಳ ಕೆಲಸ.

ಹರ್ಷ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಜಾತಿ ವ್ಯವಸ್ಥೆಯ ಪಾಠ ಮಾಡುತ್ತಿದ್ದ!

"ಮದ್ವೆ ಆಗೋಣ ತೇಜು."

"ಮೊದ್ಲು ನಿಮ್ಮತ್ತೆಗೆ ನಿಜ ಹೇಳು."

"ರಿಜಿಸ್ಟರ್ ಆಗ್ಬಿಡ್ಲಿ. ಆಮೇಲೆ ನಿಧಾನಕ್ಕೆ..."

"ಕ್ಲಾಸಲ್ಲಿ ಗಂಟೆಗಟ್ಲೆ ಹೇಳ್ತೀಯಲ್ಲ. ಮನೇಲಿ ಒಂದ್ ಮಾತು ಹೇಳಕ್ಕಾಗಲ್ವಾ ಹರ್ಷ?"

ಅವನು ಮತ್ತೂ 'ನಿಧಾನಕ್ಕೆ' ಎಂದ. ಅವಳು ಅವನ ಫೋನ್ ಎತ್ತುವುದನ್ನೇ ಬಿಟ್ಟಳು.

ಹಾಗಿರುವಾಗ ಶಿವಗಂಗಮ್ಮ ಬಚ್ಚಲಲ್ಲಿ ಜಾರಿ, ಕಾಲು ಮುರಿದುಕೊಂಡು ಅದೇ ಆಸ್ಪತ್ರೆಗೆ ಬಂದರು. ವಾರ್ಡಿಗೆ ಬಂದ ತೇಜಶ್ರೀಯ ಗುರುತು ಹಿಡಿದು ಕೈ ಬಿಡಲೇ ಇಲ್ಲ.

"ನಮ್ಮೋರ ಹುಡುಗಿ ಕಣಕ್ಕ!" ಎಂದು ಪಕ್ಕದ ಬೆಡ್ಡಿನವರಿಗೆ ಹೆಮ್ಮೆಯಿಂದ ಹೇಳಿದರು. "ಎಂಥಾ ಕೆಲ್ಸದಲ್ಲವ್ಳೆ ನೋಡು! ಲೇ ಹರ್ಷ, ಇವ್ಳನ್ನೇ ತಂದ್ಕಂಡ್ರೆ ಏನ್ಲಾ?"

ಮಂಚದ ಆಚೆ ಹರ್ಷ ನಿಂತಿದ್ದ. ತೇಜಶ್ರೀ ಅವನನ್ನೇ ನೋಡಿದಳು. 'ಈಗಲೂ ಸುಮ್ಮನಿರುತ್ತೀಯಾ?... ಹಾಗಾದರೆ ಇಲ್ಲಿಗೆ ಮುಗಿಯಿತು.'

"ಅತ್ತೆ... ಅವತ್ತು ನಾನು ಸುಳ್ಳು ಹೇಳ್ದೆ." ಹರ್ಷ ಮಂಚದ ಹತ್ತಿರ ಬಂದ. "ಇವ್ಳು ನಮ್ಮ ಜನ ಅಲ್ಲ. ಆದ್ರೆ ನಾನು ಮದ್ವೆ ಅಂತ ಆದ್ರೆ ಇವ್ಳನ್ನೇ."

"ಮತ್ತಿನ್ಯಾವ ಜನ್ಲಾ?"

ಅವನು ಬಾಯಿ ತೆರೆದ. ಈ ಉತ್ತರ ಅವಳದೆಂದು ನೆನಪಾಗಿ, ತೇಜಶ್ರೀಯ ಕಡೆ ನೋಡಿ ಮುಚ್ಚಿಕೊಂಡ.

"ನಾವು ದಲಿತ್ರು ಕಣಮ್ಮ," ಎಂದಳು ಅವಳು.

ಮುದುಕಿಯ ಕೈ ಮೆಲ್ಲಗೆ ಜಾರಿತು. ಸೆರಗಿಗೆ ಒರೆಸಿಕೊಂಡಿತು. ಒರೆಸಿಕೊಂಡದ್ದು ಅವರಿಗೇ ತಿಳಿಯಿತೋ ಇಲ್ಲವೋ!

"ಬೇರೆ ಯಾರ್ನಾರ ಕಳ್ಸವ್ವ. ನೀನು ಬ್ಯಾಡ." ಶಿವಗಂಗಮ್ಮ ಗೋಡೆಯ ಕಡೆ ಮುಖ ಮಾಡಿದರು. "ನೀನೂ ಓಗ್ಲಾ ಹರ್ಷ. ಮನೆ ಕಡೀಕ್ ಬರ್ಬ್ಯಾಡ."

ತೇಜಶ್ರೀಯ ಕಣ್ಣು ತುಂಬಿತು. ಆದರೂ ಹೊದಿಕೆ ಸರಿಮಾಡಿದಳು. "ಈ ವಾರ್ಡಿಗೆ ನಾನೊಬ್ಳೇ ಇರೋದಮ್ಮ. ನಾಳೆ ಬತ್ತೀನಿ."

ಹೊರಗೆ ಹರ್ಷ ಗೋಡೆಗೊರಗಿ ಅಳುತ್ತಿದ್ದ. ಸಾಕಿದವಳು ಮುಖ ತಿರುಗಿಸಿದ ನೋವು ಎಂಥದೆಂದು ಅವಳಿಗೂ ಅರ್ಥವಾಯಿತು. ಆದರೆ ಕೋಪ ಇಳಿಯಲಿಲ್ಲ. 'ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇ?'

"ನನ್ನ ಕ್ಷಮಿಸ್ತೀಯಾ ತೇಜು?"

"ಇವತ್ತಾಗಲ್ಲ."

"ಹಾಗಾದ್ರೆ... ಹೋಗ್ಲಾ?"

"ಎಲ್ಲಿಗೆ? ಇದ್ದ ಒಂದು ಮನೇನೂ ಈಗಷ್ಟೇ ಕಳ್ಕೊಂಡೆಯಲ್ಲ!"

ಅವನು ಅಳುತ್ತಲೇ ನಕ್ಕ. ಅವಳು ತನ್ನ ಕರವಸ್ತ್ರ ಅವನ ಕೈಗಿಟ್ಟಳು.

"ಸಂಜೆ ನನ್ನ ಡ್ಯೂಟಿ ಮುಗಿಯುತ್ತೆ. ದುದ್ದಕ್ಕೆ ಹೋಗೋಣ. ಅಪ್ಪನ ಹತ್ರ ನೀನೇ ಮಾತಾಡು."

"ಅವ್ರು ಬೈದ್ರೆ?"

"ಬೈಸ್ಕೋ. ನಾನು ಪಕ್ಕದಲ್ಲೇ ಇರ್ತೀನಿ."