ಲಂಗರಿನ ಕೆಳಗೆ ನಿಂತವನು

"ಈಚೆ ಬನ್ನಿ! ಅದರ ಕೆಳಗಿಂದ ಈಚೆ ಬನ್ನಿ ಅಂತಿದ್ದೀನಿ!"

ಕೂಗಿದ್ದು ತಾನೇ ಎಂದು ಅವಳಿಗೆ ತಿಳಿದದ್ದು, ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದ ಮೇಲೆ.

ಚಾವಣಿಯ ತೊಲೆಯಿಂದ ಇಳಿಬಿಟ್ಟ ಸರಪಳಿಯಲ್ಲಿ ಹಳೆಯ ಹಡಗೊಂದರ ಕಬ್ಬಿಣದ ಲಂಗರು ತೂಗುತ್ತಿತ್ತು. ಆಳೆತ್ತರಕ್ಕಿಂತ ದೊಡ್ಡದು. ಅದರ ನೇರ ಕೆಳಗೆ, ಮರದ ನೆರಳಿನಲ್ಲಿ ನಿಂತವನ ಹಾಗೆ ಆರಾಮವಾಗಿ, ಒಬ್ಬ ಯುವಕ ಕತ್ತೆತ್ತಿ ಕೊಂಡಿಯನ್ನು ಪರೀಕ್ಷಿಸುತ್ತಿದ್ದ.

"ಒಂದ್ನಿಮಿಷ ಮೇಡಂ, ಈ ಕೊಂಡಿ ನೋಡಿ ಬರ್ತೀನಿ."

ಒಂದು ನಿಮಿಷವಂತೆ! ಅವಳ ಎದೆಬಡಿತಕ್ಕೆ ಅಷ್ಟು ತಾಳ್ಮೆ ಎಲ್ಲಿತ್ತು? ಓಡಿಹೋಗಿ ಅವನ ಅಂಗಿಯ ತೋಳು ಹಿಡಿದು ಬಲವಾಗಿ ಎಳೆದಳು. ಹೊಲಿಗೆ ಪರ್‍ರನೆ ಹರಿಯಿತು. ಇಬ್ಬರೂ ಮುಗ್ಗರಿಸಿ ಗೋಡೆಗೆ ಆತುಕೊಂಡರು.

"ಏನ್ರೀ ಇದು! ತಲೆ ನೆಟ್ಟಗಿದ್ಯಾ ನಿಮಗೆ?" ಎಂದು ಅವನು ಸಿಡುಕಿದ.

ಆಮೇಲೆ ಅವಳ ಮುಖ ನೋಡಿದ. ರಕ್ತವೇ ಇಲ್ಲದಂತೆ ಬಿಳಿಚಿಕೊಂಡಿತ್ತು. ತೋಳು ಹಿಡಿದ ಬೆರಳುಗಳು ಇನ್ನೂ ಬಿಟ್ಟಿರಲಿಲ್ಲ.

"ಬಿದ್ದಿದ್ರೆ...?" ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಅವನ ಸಿಟ್ಟು ಎಲ್ಲಿ ಇಳಿದುಹೋಯಿತೋ!

"ಮೊದಲು ಸ್ವಲ್ಪ ನೀರು ಕುಡೀರಿ," ಎಂದ ಮೆತ್ತಗೆ. "ಜಗಳ ಆಮೇಲೆ ಆಡೋಣ."

ಮುಳುಗಿದ ಹಡಗಿನಲ್ಲಿ ಸಿಕ್ಕ ವಸ್ತುಗಳ ಪ್ರದರ್ಶನ ಅದು. ಒಂದು ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲವು ತಿಂಗಳು ಇದ್ದು, ಪೆಟ್ಟಿಗೆ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗುತ್ತಿತ್ತು. ಗಾಜಿನ ಶೀಸೆ, ಮೂಳೆಯ ಬಾಚಣಿಗೆ, ಬಾಯಿ ಒಡೆದ ಹೂಜಿಗಳನ್ನು ಪೆಟ್ಟಿಗೆಯಿಂದ ತೆಗೆದು, ಬಿರುಕು ಬಿಟ್ಟಿದೆಯೇ ಎಂದು ನೋಡಿ, ದುರಸ್ತಿ ಮಾಡಿ ಇಡುವುದು ಅವಳ ಕೆಲಸ. ಸದಾ ಕೈಗವಸು ಹಾಕಿರುತ್ತಿದ್ದುದರಿಂದ ತಂಡದವರಿಗೆ ಅವಳು "ಗ್ಲೌಸ್ ಮೇಡಂ". ಅವನು ಭಾರದ ವಸ್ತುಗಳನ್ನು ಎತ್ತಿ ತೂಗುಹಾಕಲು ಹೊಸದಾಗಿ ಸೇರಿದವನು. ಸಂಜೆಯೊಳಗೆ ಅವನಿಗೂ ಒಂದು ಹೆಸರು ಅಂಟಿತು: "ರಾಟೆ ಮಾಸ್ತರ್".

ಜಗಳ ಆಡಲು ಬಂದವನ ಕೈಯಲ್ಲಿ ಎರಡು ಕಪ್ ಚಹಾ ಇತ್ತು.

"ಅಷ್ಟೊಂದು ಭಯ ಯಾಕೆ ಮೇಡಂ?"

ಅವಳು ಖಾಲಿ ಪೆಟ್ಟಿಗೆಯ ಮೇಲೆ ಕೂತು ಕಪ್ಪನ್ನೇ ನೋಡುತ್ತಿದ್ದಳು.

"ನಮ್ಮಪ್ಪನೂ ನಿಮ್ಮ ಕೆಲಸಾನೇ ಮಾಡ್ತಿದ್ರು. ಲಾರಿಯಿಂದ ಕಲ್ಲಿನ ಮೂರ್ತಿ ಇಳಿಸೋವಾಗ ಹಗ್ಗ ಜಾರಿತು. ಅಪ್ಪ... ಕೆಳಗಿದ್ರು. ನಾನಾಗ ಶಾಲೇಲಿದ್ದೆ."

"ಆದ್ರೂ ಇದೇ ಕೆಲಸಕ್ಕೆ ಬಂದ್ರಾ?"

"ಅಪ್ಪ ಮನೆಗೆ ಬಂದಾಗಲೆಲ್ಲ ತಾನು ಹೊತ್ತ ವಸ್ತುಗಳ ಕಥೆ ಹೇಳೋರು. ಆ ಕಥೆ ಬಿಟ್ಟಿರೋಕೆ ನನ್ನಿಂದ ಆಗ್ಲಿಲ್ಲ. ಭಯಾನೂ ಅದರ ಜೊತೆಗೇ ಬಂತು."

ಹೆದರಬೇಡಿ ಎಂದು ಅವನು ಹೇಳಲಿಲ್ಲ. ಎಲ್ಲರೂ ಹೇಳುವ ಮಾತು ಅದು. ಆದರೆ ಮರುದಿನ ಕೆಲಸ ಶುರುವಾದಾಗ ಅವನ ದನಿ ಇಡೀ ಹಜಾರಕ್ಕೆ ಕೇಳಿಸಿತು.

"ಮೇಡಂ, ಈಗ ಸರಪಳಿ ಬಿಗಿ ಮಾಡ್ತೀನಿ... ಈಗ ಇನ್ನೂ ಮೇಲೆ ಎತ್ತುತ್ತೀನಿ... ನಾನು ಕೆಳಗಿಲ್ಲ, ಪಕ್ಕದಲ್ಲಿದ್ದೀನಿ, ನೋಡಿ ಬೇಕಾದ್ರೆ!"

"ಏನಪ್ಪಾ ಮಾಸ್ತರ್, ಆಟದ ಕಾಮೆಂಟರಿನಾ?" ಎಂದು ತಂಡದವರು ನಕ್ಕರು.

ಅವಳೂ ನಕ್ಕಳು. ಲಂಗರು ಮೇಲೇರುವಾಗ ಅವಳು ನಕ್ಕದ್ದು ಅದೇ ಮೊದಲು.

ಊರುಗಳು ಬದಲಾದವು. "ಮೇಡಂ" ಉದುರಿಹೋಯಿತು, "ನೀವು" ಹೋಗಿ "ನೀನು" ಬಂತು. ಅವಳು ಬಾಚಣಿಗೆಯ ಹಲ್ಲು ಜೋಡಿಸುವಾಗ ಅವನು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ತಂಡ ಕಂಡೂ ಕಾಣದಂತಿತ್ತು.

ಆದರೆ ಪ್ರೀತಿ ಬಂದರೆ ಭಯ ಹೋಗುತ್ತದೆ ಎಂದವರು ಯಾರು? ಮೊದಲು ಅವಳು ಲಂಗರಿಗೆ ಮಾತ್ರ ಹೆದರುತ್ತಿದ್ದಳು. ಈಗ ಅವನು ಹತ್ತುವ ಏಣಿಗೆ, ಅವಸರದಲ್ಲಿ ದಾಟುವ ರಸ್ತೆಗೆ, ಬರುವುದು ತಡವಾದರೆ ಸುಮ್ಮನಿರುವ ಫೋನಿಗೆ... ಎಲ್ಲಕ್ಕೂ!

'ಅಮ್ಮನ ಗತಿಯೇ ನನಗೂ ಬಂದರೆ?' ಆ ಯೋಚನೆ ಬಂದಾಗ ಊಟ ಬಿಟ್ಟು ಏಳುತ್ತಿದ್ದಳು.

ಹೊಸ ಊರಿನ ಹಳೆಯ ಕಟ್ಟಡದ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಾಗ ಅವನು ಕೇಳಿಯೇಬಿಟ್ಟ.

"ನನ್ನ ಜೊತೆ ಇರ್ತೀಯಾ? ಪ್ರದರ್ಶನ ಮುಗಿಯೋವರೆಗೆ ಅಲ್ಲ... ಕೊನೇವರೆಗೆ."

ಹೂಂ ಎನ್ನಲು ಅವಳ ಇಡೀ ಜೀವ ತುದಿಗಾಲಲ್ಲಿತ್ತು. ಆದರೆ ಭಯವೇ ಮೊದಲು ಮಾತಾಡಿತು.

"ನಾಳೆ ಲಂಗರು ಏರಲಿ," ಎಂದಳು. "ಆಮೇಲೆ ಹೇಳ್ತೀನಿ."

ಅವನು ನಕ್ಕ. "ಸರಿ. ಲಂಗರಿಗೆ ಬೇಗ ಏರು ಅಂತ ಹೇಳ್ತೀನಿ."

ಆ ಕಟ್ಟಡದಲ್ಲಿ ಎತ್ತುವುದಕ್ಕೆ ಮೋಟರ್ ಇತ್ತು. ಅದು ಗರ್ಜಿಸಲು ಶುರುಮಾಡಿದರೆ ಕಿಟಕಿಗಳೇ ನಡುಗುತ್ತಿದ್ದವು. ಅವಳು ಮೇಲಂತಸ್ತಿನ ಕಟಾಂಜನ ಹಿಡಿದು ನಿಂತಿದ್ದಳು. ಲಂಗರು ನೆಲ ಬಿಟ್ಟಿತು... ಅರ್ಧಕ್ಕೆ ಬಂತು...

ಆಗ ಚಾವಣಿಯಿಂದ ಸುಣ್ಣದ ಪುಡಿ ಉದುರಿತು. ಹಿಟ್ಟು ಜರಡಿಯಿಂದ ಬಿದ್ದಷ್ಟು ಮೆತ್ತಗೆ.

ಅವಳು ಕಟಾಂಜನದ ಮೇಲಿಂದ ಮುಂದಕ್ಕೆ ಬಾಗಿದಳು.

"ಹುಷಾರು!"

ಅವನು ತಿರುಗಿದ. ತಿರುಗಿ ಅವಳತ್ತ ಕತ್ತೆತ್ತಿದ. ಅದೇ ಕ್ಷಣದಲ್ಲಿ ತೊಲೆ ಬಿರಿಯಿತು. ಲಂಗರು ಒಂದು ಕಡೆಗೆ ವಾಲಿ, ಬೀಸಿಕೊಂಡು ಬಂದು ನೆಲಕ್ಕೆ ಅಪ್ಪಳಿಸಿತು. ಹಾಸುಗಲ್ಲುಗಳು ಚೂರುಚೂರಾದವು. ಧೂಳು! ಎಲ್ಲೆಲ್ಲೂ ಧೂಳು! ಅದರೊಳಗಿಂದ ಒಂದು ನರಳಿಕೆ...

ಬದುಕಿದ್ದಾನೆ.

ಆದರೆ ಬಲಗೈ ಸರಪಳಿಯಡಿ ಸಿಕ್ಕಿಬಿದ್ದಿತ್ತು.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವಳು ಗೋಡೆಗೆ ಒರಗಿ ನಿಂತಳು. ತಂಡದ ಮುಖ್ಯಸ್ಥೆ ಬಂದು ಭುಜ ಮುಟ್ಟಿದರು.

"ಕೈ ಉಳಿಯುತ್ತಂತೆ ಕಣಮ್ಮ. ಆದ್ರೆ ಮೊದಲಿನ ಹಾಗೆ ಭಾರ ಎತ್ತೋಕೆ ಆಗಲ್ವಂತೆ. ಒಳಗೆ ಹೋಗು. ಎಚ್ಚರವಾಗಿದ್ದಾನೆ, ನಿನ್ನನ್ನೇ ಕೇಳ್ತಿದ್ದಾನೆ."

ಬಾಗಿಲಿನವರೆಗೆ ಹೋದಳು. ಸಂದಿಯಲ್ಲಿ ಬಿಳಿ ಪಟ್ಟಿ ಸುತ್ತಿದ ಕೈ ಕಂಡಿತು.

'ನಾನು ಕೂಗದಿದ್ದರೆ ಅವನು ತಿರುಗಿ ನಿಲ್ಲುತ್ತಿರಲಿಲ್ಲ, ತಪ್ಪಿಸಿಕೊಳ್ಳುತ್ತಿದ್ದ. ನನ್ನ ಭಯವೇ ಅವನ ಕೈಯನ್ನು ತಿಂದುಹಾಕಿತು!'

ಅವಳು ಹಿಂದೆ ಸರಿದಳು. ಒಂದು ಹೆಜ್ಜೆ, ಇನ್ನೊಂದು... ಆಮೇಲೆ ಓಡಿದಳು. ಸಿಕ್ಕ ಬಸ್ಸು ಹತ್ತಿ, ಫೋನ್ ಆರಿಸಿ, ಅಮ್ಮನ ಮನೆ ಸೇರಿದಳು.

ಇತ್ತ ಹಾಸಿಗೆಯಲ್ಲಿದ್ದವನು ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿಸುತ್ತಿದ್ದ. ಅವಳು ಊರಿಗೆ ಹೋದಳೆಂದು ಮುಖ್ಯಸ್ಥೆ ತಡವರಿಸುತ್ತ ಹೇಳಿದಾಗ, 'ಕೈಲಾಗದವನ ಜೊತೆ ಯಾರು ತಾನೇ ಬಾಳುತ್ತಾರೆ?' ಎಂದುಕೊಂಡು ಗೋಡೆಗೆ ಮುಖ ಮಾಡಿದ.

ಅಮ್ಮ ಒಣಗಿದ ಬಟ್ಟೆ ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ... ನೀನು ಅವನನ್ನ ಮಾತಾಡಿಸದೇ ಬಂದ್ಯಾ?"

"ಯಾವ ಮುಖ ಇಟ್ಕೊಂಡು ಮಾತಾಡಿಸಲಮ್ಮ? ನನ್ನಿಂದಲೇ ಆಯ್ತು!"

"ಹಾಗಂತ ಅವನಂದನಾ?"

"ಇಲ್ಲ... ನಾನು ಕೇಳಲಿಲ್ಲ."

"ಚೆನ್ನಾಗಿದೆ! ನೀನೇ ಕಳ್ಳಿ, ನೀನೇ ಜಡ್ಜು!"

ಅವಳು ಬಿಕ್ಕಿದಳು. ಅಮ್ಮ ಮಡಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟರು. ಅವರ ದನಿ ಒಮ್ಮೆಲೇ ಇಳಿಯಿತು.

"ಅವತ್ತು ಸುದ್ದಿ ಬಂದಾಗ ನಾನು ಕಾಲಿಗೆ ಚಪ್ಪಲಿನೂ ಇಲ್ದೆ ಓಡಿದೆ. ನಾನು ಹೋಗೋ ಹೊತ್ತಿಗೆ ನಿಮ್ಮಪ್ಪನ ಹತ್ರ ಮಾತಾಡೋಕೆ ಏನೂ ಉಳಿದಿರಲಿಲ್ಲ. ನಿನ್ನವನು ಇದ್ದಾನಲ್ಲೇ! ಉಸಿರಾಡ್ತಾ ಇದ್ದಾನೆ, ನಿನ್ನನ್ನ ಕೇಳ್ತಾ ಇದ್ದಾನೆ... ಇರೋನನ್ನ ಬಿಟ್ಟು ಬಂದು ಇಲ್ಲಿ ಕೂತಿದ್ದೀಯಲ್ಲ, ನಿನಗೆ ಏನು ಹೇಳ್ಲಿ?"

"ಅವನು ಬೈದ್ರೆ, ಅಮ್ಮ? ಹೋಗು ಅಂದ್ರೆ?"

"ಬೈಸ್ಕೋ. ಬೈಯೋಕೆ ಒಬ್ಬ ಇರೋದೂ ಭಾಗ್ಯನೇ."

ಅವಳು ಆಸ್ಪತ್ರೆಗೆ ಮರಳಿ ಬಂದಾಗ ಅವನು ಹಾಸಿಗೆಯಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳು ಹೊಸ್ತಿಲಲ್ಲಿ ಒಮ್ಮೆ ನಿಂತಳು. ಆದರೂ ಈ ಸಲ ಕಾಲು ಒಳಗಿಟ್ಟಳು.

"ಯಾಕೆ ಬಂದೆ?" ತಿರುಗದೆಯೇ ಕೇಳಿದ. "ಕನಿಕರಕ್ಕಾದ್ರೆ ಬೇಡ. ಈ ಕೈ ನೋಡಿ ಓಡಿಹೋದವಳಲ್ವಾ ನೀನು?"

"ಕೈ ನೋಡಿ ಅಲ್ಲ!" ಅವಳು ಹಾಸಿಗೆಯ ಬಳಿ ಬಂದಳು. "ನಾನು ಕೂಗಿದೆ, ನೀನು ತಿರುಗಿದೆ... ಅದಕ್ಕೇ ಹೀಗಾಯ್ತು. ನಿನ್ನ ಕಣ್ಣಲ್ಲಿ ಅದನ್ನ ನೋಡೋಕೆ ಹೆದರಿ ಓಡಿದೆ."

ಅವನು ಈಗ ತಿರುಗಿದ. ಹುಬ್ಬು ಗಂಟಿಕ್ಕಿತ್ತು.

"ಯಾವ ಕೂಗು?"

"ಹುಷಾರು ಅಂತ..."

"ಕಿವಿಗೆ ಮುಚ್ಚಳ ಹಾಕಿದ್ದೆ ಕಣೇ! ಆ ದರಿದ್ರ ಮೋಟರ್ ಸದ್ದಿಗೆ! ತೊಲೆ ಮುರಿದಿದ್ದೇ ನಂಗೆ ಕೇಳಿಸ್ಲಿಲ್ಲ, ಇನ್ನು ನಿನ್ನ ಕೂಗು ಎಲ್ಲಿಂದ ಕೇಳಿಸ್ಬೇಕು?"

ದಿನಗಟ್ಟಲೆ ಅವಳ ಎದೆಯ ಮೇಲೆ ಕೂತಿದ್ದ ಬಂಡೆ ಅಲುಗಾಡಿತು.

"ಮತ್ತೆ... ತಿರುಗಿದ್ದು ಯಾಕೆ?"

ಅವನು ಪಟ್ಟಿ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಪುಡಿ ಉದುರೋದು ಕಾಣಿಸ್ತು. ನೀನು ಕೆಳಗಿಳಿದು ಬಂದ್ಬಿಟ್ಟಿದ್ದೀಯೇನೋ ಅಂತ ಜೀವ ಹಾರಿಹೋಯ್ತು. ನೀನೆಲ್ಲಿದ್ದೀಯ ಅಂತ ನೋಡಿದೆ, ಅಷ್ಟೆ. ಭಯ ಅನ್ನೋದು ನಿನಗೊಬ್ಬಳಿಗೇ ಇರೋದು ಅಂದ್ಕೊಂಡ್ಯಾ?"

ಅವಳು ಹಾಸಿಗೆಯ ಪಕ್ಕ ಕುಸಿದು ಕೂತು, ಅವನ ಎಡಗೈಯನ್ನು ಹಣೆಗೆ ಒತ್ತಿಕೊಂಡು ಅತ್ತಳು. ಅವನು ತಡೆಯಲಿಲ್ಲ.

"ಈ ಕೈ ಮೊದಲಿನ ಹಾಗೆ ಆಗಲ್ವಂತೆ," ಎಂದ ಸ್ವಲ್ಪ ಹೊತ್ತಿನ ಮೇಲೆ.

"ನನ್ನ ಭಯಾನೂ ಹೋಗಲ್ವಂತೆ."

"ಯಾವ ಡಾಕ್ಟರ್ ಅಂದ್ರು?"

"ನಾನೇ ಅಂದೆ." ಕಣ್ಣೀರಿನ ನಡುವೆ ನಗು ಇಣುಕಿತು. "ಆದ್ರೂ... ಕೊನೇವರೆಗೆ ಇರ್ತೀನಿ. ಹೆದರ್ಕೊಂಡೇ ಇರ್ತೀನಿ. ಪರವಾಗಿಲ್ವಾ?"

ಅವನ ಕಣ್ಣು ತುಂಬಿಬಂತು. ಕಾಣಬಾರದೆಂದು ಚೇಷ್ಟೆಗೆ ಇಳಿದ.

"ಮತ್ತೆ ಓಡಿಹೋದ್ರೆ?"

"ಹೋಗ್ಬಹುದು," ಎಂದಳು ಪ್ರಾಮಾಣಿಕವಾಗಿ. "ಗೇಟಿನವರೆಗೆ. ಅಲ್ಲಿಂದ ವಾಪಸ್ ಬರ್ತೀನಿ."

"ಗೇಟಿನವರೆಗೆ ಆದ್ರೆ ಅಡ್ಡಿಯಿಲ್ಲ," ಎಂದು ಅವನು ಹಾಸಿಗೆಯಲ್ಲಿ ಮೆಲ್ಲಗೆ ಸರಿದು ಜಾಗ ಮಾಡಿಕೊಟ್ಟ. "ಈಗ ಮೇಲೆ ಬಂದು ಕೂತ್ಕೋ. ನೆಲ ತಣ್ಣಗಿದೆ."