ಹೆಸರಿಸದ ರೋಗ

ಗೋಡೆಯ ಮೇಲಿನ ಕ್ರಮವೀಕ್ಷಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಆ ಯಂತ್ರವನ್ನು ರೂಪಿಸಿದ ಮನೋವೈದ್ಯೆ ಡಾ. ಮಾಲಿನಿ ಕೊಣ್ಣೂರ, ಹುಬ್ಬಳ್ಳಿ ಸಮೀಪದ ನೆರೆಗಟ್ಟಿಯ ಕಾರ್ಮಿಕರ ಚಿಕಿತ್ಸಾಲಯವನ್ನು ಅಭಿನಂದಿಸಲೆಂದೇ ಬಂದಿದ್ದಳು.

ಕ್ರಮವೀಕ್ಷಕದ ಕೆಲಸ ಸರಳ. ವೈದ್ಯರು ರೋಗಿಯೆದುರು ಖಿನ್ನತೆ ಎಂದು ರೋಗವನ್ನು ಹೆಸರಿಸಿದ್ದು ಕಿವಿಗೆ ಬಿದ್ದ ಕ್ಷಣದಿಂದ ಅದು ಕಾವಲಿಗೆ ನಿಲ್ಲುತ್ತದೆ. ತಕ್ಕ ಪ್ರಮಾಣದ ಮಾತ್ರೆ ಕೊಟ್ಟರೇ, ತಿಂಗಳುಗಟ್ಟಲೆ ಮುಂದುವರಿಸಿದರೇ, ಆಪ್ತಸಮಾಲೋಚನೆ ನಡೆಯಿತೇ ಎಂದು ನೋಡುತ್ತದೆ. ಚಿಕಿತ್ಸಾಸೂತ್ರ ತಪ್ಪಿದರೆ ದೀಪ ಕೆಂಪು. ಕೆಂಪು ಆರದೇ ಉಳಿದರೆ ಆರೋಗ್ಯ ಇಲಾಖೆಯಿಂದ ಚಿಕಿತ್ಸಾಲಯಕ್ಕೆ ಬೀಗ. ಬಡವರಿಗೆ ಅರೆಬರೆ ಚಿಕಿತ್ಸೆ ಸಿಗಬಾರದೆಂಬುದು ಮಾಲಿನಿಯ ಹಟ. ಇಲ್ಲಿ ವರ್ಷವಿಡೀ ದೀಪ ಒಮ್ಮೆಯೂ ಕೆಂಪಾಗಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ, ಹಳೆಯ ಬ್ಯಾಟರಿ ಒಡೆಯುವ ಕಾರ್ಖಾನೆಯ ಫಕೀರವ್ವ ಶೂನ್ಯ ನೋಡುತ್ತ ಕೂತಿದ್ದಳು.

"ಏನಾಗೇತಿ, ತಂಗಿ?" ಮಾಲಿನಿ ಕೇಳಿದಳು.

"ನಿದ್ದಿ ಹತ್ತಂಗಿಲ್ರಿ ಬಾಯಾರ. ಕೂಸು ಅಳಾಕತ್ರೂ ಎತ್ತಿಕೊಳ್ಳಾಕ ಮನಸ್ಸಾಗಂಗಿಲ್ಲ. ಯಾಕರ ಬದುಕೀನೋ ಅನಸ್ತೈತಿ."

"ಡಾಕ್ಟರ್ ಏನಂದ್ರು?"

"ನಿಶ್ಶಕ್ತಿ ಅಂತಾರ್ರಿ. ಪ್ರತಿ ಸಲಾನೂ ಟಾನಿಕ್ ಕೊಡ್ತಾರ."

ಮಾಲಿನಿ ನೇರ ಒಳನುಗ್ಗಿ ಅಲ್ಲಿನ ವೈದ್ಯ ಡಾ. ಸಜ್ಜನರನ್ನು ಕೇಳಿದಳು: "ಇಲ್ಲಿ ಎಷ್ಟು ಜನಕ್ಕ ಖಿನ್ನತೆಯ ಚಿಕಿತ್ಸೆ ನಡದೈತ್ರಿ?"

"ಒಬ್ಬರಿಗೂ ಇಲ್ಲ." ಅವರು ತಲೆ ಎತ್ತಲಿಲ್ಲ. "ಸಮಾಲೋಚಕರನ್ನ ಯಾರೂ ಕೊಡಲಿಲ್ಲ. ನಾನು ಆ ಹೆಸರು ಎತ್ತಿದ್ರ ನಿಮ್ಮ ದೀಪ ಕೆಂಪಾಗ್ತದ. ದವಾಖಾನಿ ಮುಚ್ಚಿದ್ರ ಇವರ ಜ್ವರ, ಹೆರಿಗಿ ಯಾರು ನೋಡಬೇಕು? ಅದಕ್ಕ ಹೆಸರು ಎತ್ತೋದೇ ಬಿಟ್ಟೆ."

ಯಂತ್ರ ಸುಳ್ಳು ಹೇಳಿರಲಿಲ್ಲ. ರೋಗವೇ ಇಲ್ಲವೆಂದ ಮೇಲೆ ಚಿಕಿತ್ಸೆ ತಪ್ಪುವುದೆಲ್ಲಿ?

ಮಾಲಿನಿ ಫಕೀರವ್ವನನ್ನು ಒಳಗೆ ಕರೆದು ಕೂರಿಸಿಕೊಂಡು, ಕೇಳಬೇಕಾದುದನ್ನೆಲ್ಲ ಸಾವಧಾನವಾಗಿ ಕೇಳಿದಳು. ಆಮೇಲೆ ಗಟ್ಟಿಯಾಗಿಯೇ ಹೇಳಿದಳು: "ಇದು ನಿಶ್ಶಕ್ತಿ ಅಲ್ಲವ್ವಾ. ಖಿನ್ನತೆ. ಇದೊಂದು ರೋಗ. ಔಷಧ ಐತಿ, ವಾಸಿ ಆಗ್ತದ. ಮಾತಾಡಾಕ ವಾರಕ್ಕೊಮ್ಮೆ ನಾನೇ ಬರ್ತೀನಿ."

ಚಿಕಿತ್ಸಾಲಯದಲ್ಲಿ ಸಮಾಲೋಚಕರಿಲ್ಲದ್ದರಿಂದ ದೀಪ ಕೂಡಲೇ ಕೆಂಪಾಯಿತು. ಸಜ್ಜನರು ಗಾಬರಿಯಿಂದ ಎದ್ದು ನಿಂತರು.

"ಉರೀಲಿ ಬಿಡ್ರಿ. ಮ್ಯಾಲಿನವರಿಗೆ ಉತ್ತರ ನಾ ಕೊಡ್ತೀನಿ."

ಫಕೀರವ್ವ ಮಾತ್ರ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡುತ್ತಿದ್ದಳು. "ರೋಗ ಏನ್ರಿ ಇದು? ನಮ್ಮಕ್ಕಗೂ ಹಿಂಗ ಆಗಿತ್ತು. ಮೈಗಳ್ಳಿ ಅಂತ ಎಲ್ಲಾರೂ ಬೈದ್ವಿ. ಹೋದ ಶ್ರಾವಣದಾಗ ಜೀವಾ ಕಳಕೊಂಡ್ಲು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕೀನೂ ಇಲ್ಲಿಗೇ ಬರ್ತಿದ್ಲು. ಅಕಿಗೂ ಔಷಧ ಇತ್ತೇನ್ರಿ?"

ಸಜ್ಜನರು ಗೋಡೆಯ ಕಡೆ ಮುಖ ತಿರುಗಿಸಿದರು.

"ಇತ್ತವ್ವಾ," ಎಂದಳು ಮಾಲಿನಿ.