ಸದ್ದಿಲ್ಲದ ರಾಟೆ

ನಾರಾಯಣಪುರದ ಹಿನ್ನೀರಿನ ನಡುವೆ, ಮುಳುಗಿದ ಊರಿನ ಗುರುತಾಗಿ ಒಂದು ಒಣ ಬೇವಿನ ಮರ ನಿಂತಿತ್ತು. ಅದರ ಕೊಂಬೆಗೆ ನೀರಿನ ಏರಿಳಿತ ದಾಖಲಿಸುವ ಪುಟ್ಟ ಯಂತ್ರವೊಂದನ್ನು ಬಿಗಿದಿದ್ದರು. ಅದನ್ನು ಬಿಚ್ಚಿ ತರಬೇಕಿತ್ತು. ಹೋಗುವುದೂ ಹಾಯಿಯ ಮೇಲೆ, ಬರುವುದೂ ಹಾಯಿಯ ಮೇಲೆ ಎಂಬುದು ಶಾಂಭವಿಯ ಹಟ.

ಯಂತ್ರ ಕಟ್ಟಿದ್ದವನು ಅವಳ ಅಣ್ಣ ಶರಣಕುಮಾರ, ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹೋದ ಆಷಾಢದಲ್ಲಿ ಅದನ್ನು ಕಟ್ಟಿ ಮರಳುವಾಗ ದೋಣಿ ಮಗುಚಿ ತೀರಿಕೊಂಡ. ವರ್ಷ ತುಂಬುವ ತನಕ ಮುಟ್ಟಬಾರದೆಂದು ಅವನ ನೋಟುಪುಸ್ತಕದಲ್ಲಿ ಬರೆದಿತ್ತು. ನಿನ್ನೆಗೆ ವರ್ಷ ತುಂಬಿತ್ತು. ಇನ್ನು ನಾಲ್ಕು ದಿನಕ್ಕೆ ಹೊಸನೀರು ಬಂದು ಮರ ಮುಳುಗುವುದರಲ್ಲಿತ್ತು.

"ನನ್ನ ಪುಟ್ಟಿ ತಗೊಂಡ್ರ ಅರ್ಧ ದಿನದ ಕೆಲಸ, ಅಕ್ಕೋರ," ಎಂದ ಮೀನುಗಾರ ಭೀಮರಾಯ, ತನ್ನ ಹರಿಗೋಲು ತೋರಿಸಿ. "ಈ ಹಾಯಿ ಕುದುರಿ ಯಾಕ ಬೇಕು?"

"ಹೋದ ಸಲ ಇದನ್ನ ಬೋರಲು ಹಾಕಿ ಎಳಕೊಂಡು ಬಂದೀರಿ. ಈ ಸಲ ತಾನಾಗೇ ಬರಲಿ," ಎಂದಳು ಶಾಂಭವಿ.

ಅದು ಶರಣಕುಮಾರ ಕೈಯಾರೆ ಕಟ್ಟಿದ ಜೋಡಿದೋಣಿ. ಎರಡು ಕಿರಿದಾದ ಒಡಲು, ನಡುವೆ ಬಿಗಿದ ದಪ್ಪ ಬಟ್ಟೆ, ಮೇಲೊಂದು ಬಿಳಿ ಹಾಯಿ. ಶಾಂಭವಿ ಚುಕ್ಕಾಣಿ ಹಿಡಿದಳು. ನೀರಿನಡಿಯ ಗೋಡೆಗಳ ಜಾಗ ಬಲ್ಲ ಭೀಮರಾಯ ಮುಂದೆ ಕುಳಿತ. ಹಾಯಿಯ ಹಗ್ಗ ಲಾಡ್ಲೇಸಾಬನ ಕೈಗೆ ಬಂತು.

ಲಾಡ್ಲೇಸಾಬ ಸುರಪುರದಲ್ಲಿ ಬಾವಿಯಲ್ಲಿ ನೀರು ಸೇದುವ ಗಡಗಡಿ, ತೋಟದ ಮೋಟಾರು ರಿಪೇರಿ ಮಾಡುತ್ತಲೇ ಮುದುಕನಾದವನು. ಹೋದ ವರ್ಷ ಹೊರಡುವ ಹಿಂದಿನ ದಿನ ದೋಣಿ ಅವನ ಶೆಡ್ಡಿನಲ್ಲಿತ್ತು. ಹಾಯಿಹಗ್ಗದ ಹೊಸ ರಾಟೆ ತಿರುಗಿಸಿದರೆ ಕಟಕಟ ಎನ್ನುತ್ತಿತ್ತು. ಕೂಗುವ ಗಡಗಡಿ ಒಣಗಿದ ಗಡಗಡಿ. ನಲವತ್ತು ವರ್ಷ ಅವನು ನಂಬಿ ಬಾಳಿದ ನಿಯಮ ಅದು. ಯಾರನ್ನೂ ಕೇಳದೆ, ಪ್ರೀತಿಯಿಂದ, ಎರಡೂ ಮಗ್ಗುಲಿಗೆ ಬೆರಳು ತುಂಬ ಗ್ರೀಸ್ ಒತ್ತಿದ. ರಾಟೆ ಮಾತು ನಿಲ್ಲಿಸಿತು. ಅವನಿಗೆ ಹೆಮ್ಮೆಯಾಯಿತು.

ಹೋದ ತಿಂಗಳು ಹಗ್ಗ ಹಿಡಿಯುವುದನ್ನು ಕಲಿಸುತ್ತಾ ಶಾಂಭವಿ ಅದೇ ರಾಟೆಯನ್ನು ತೋರಿಸಿದ್ದಳು. "ಎಳದಾಗ ಕಟಕಟ ಅಂತ ತಿರಗತದ. ಗಾಳಿ ಹಗ್ಗ ಕಸಗೊಂಡಾಗ ಒಳಗಿನ ನಾಲಿಗಿ ಹಲ್ಲಿಗೆ ಬಿದ್ದು ಗಾಲಿ ನಿಲ್ಲತದ, ಅಂಚಿನ ಗೀರು ಹಗ್ಗಾನ ಕಚ್ಚತಾವ. ಕೈಗೆ ಬರೂದು ಕಾಲು ಪಾಲು ಭಾರ. ಕೈ ಸಡಿಲ ಮಾಡಿದ್ರ ಹಗ್ಗ ನಿಧಾನಕ್ಕ ಜಾರತದ. ಗ್ರೀಸ್ ಹಚ್ಚಿದ್ರ ಮಾತ್ರ ನಾಲಿಗಿ ಅಂಟಿಬಿಡತದ, ಚಾಚಾ. ಪೂರಾ ಭಾರ ಕೈಗೇ."

ಅಂದಿನಿಂದ ಲಾಡ್ಲೇಸಾಬನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ. ಶರಣಕುಮಾರನ ಹೆಣ ಮೇಲೆತ್ತಿದ ದಿನ ಅವನೂ ದಡದಲ್ಲಿದ್ದ. ಲೈಫ್ ಜಾಕೆಟ್ ಮೈಮೇಲೇ ಇತ್ತು. ಬಲ ಅಂಗೈಗೆ ಹಗ್ಗ ಮೂರು ಸುತ್ತು ಬಿಗಿದಿತ್ತು. ಭಾರ ತಡೆಯಲಾರದೆ ಸುತ್ತಿಕೊಂಡಿದ್ದಾನೆ. ಗಾಳಿ ಹೊಡೆದಾಗ ಬಿಡಲಾಗಿಲ್ಲ; ಮಗುಚಿದ ದೋಣಿಯಡಿ ಹಗ್ಗವೇ ಅವನನ್ನು ಹಿಡಿದಿಟ್ಟಿದೆ. ಇವತ್ತು ದಡಕ್ಕೆ ಮರಳುವುದರೊಳಗೆ ಇದನ್ನು ಅವಳಿಗೆ ಹೇಳಲೇಬೇಕೆಂದು ಲಾಡ್ಲೇಸಾಬ ದೋಣಿ ಹತ್ತಿದ್ದ.

ಪಡುಗಾಳಿ ಮಗ್ಗುಲಿಗೆ ಬೀಸುತ್ತಿತ್ತು. ಬೂದುಬಣ್ಣದ ನೀರು ಕಣ್ಣು ಹೋದಷ್ಟು ದೂರ ಹಾಸಿತ್ತು. ದಡದ ಹೊಲಗಳಲ್ಲಿ ಈಗಷ್ಟೇ ಮೊಳೆತ ತೊಗರಿ, ಅದರಾಚೆ ಉರುಟು ಬಂಡೆಗಳ ಬೋಳು ಗುಡ್ಡ. ಅಡಿಯಲ್ಲಿ ಬೀದಿಗಳಿದ್ದವು. "ಇದು ಊರಬಾಗಿಲ ಅಗಸಿ," ಎಂದು ಭೀಮರಾಯ ಬರೀ ನೀರಿನತ್ತ ಕೈ ತೋರಿದ. "ಇಲ್ಲೇ ನಮ್ಮಜ್ಜನ ಮನಿ. ಸ್ವಲ್ಪ ಎಡಕ್ಕ ತಗೋರಿ, ಅಕ್ಕೋರ. ಅಜ್ಜನ ಮಾಳಿಗಿಗೆ ಬಡದ್ರ ಈಗಲೂ ಬೈತಾನ."

ಹಗ್ಗ ಎಳೆದಾಗಲೆಲ್ಲ ರಾಟೆ ಕಟಕಟ ಎಂದಿತು. ಪ್ರತಿ ಸದ್ದಿಗೂ ಲಾಡ್ಲೇಸಾಬ ರಾಟೆಯತ್ತ ನೋಡಿದ.

ಮರ ಸಿಕ್ಕಿತು. ಭೀಮರಾಯ ಕೊಂಬೆ ಹಿಡಿದ. ಶಾಂಭವಿ ಮೇಲೇರಿ, ಅಣ್ಣ ಹಾಕಿದ ಗಂಟಿನ ಮೇಲೆ ತುಸು ಹೊತ್ತು ಬೆರಳಿಟ್ಟಳು. ಆಮೇಲೆ ಬಿಚ್ಚಿದಳು. ಯಂತ್ರದ ಹಸಿರು ದೀಪ ಇನ್ನೂ ಮಿಟುಕುತ್ತಿತ್ತು.

ಮರಳುವಾಗ ಅರ್ಧ ದಾರಿಯಲ್ಲಿ ಭೀಮರಾಯ ಎದ್ದು ಕುಳಿತ.

"ಕರಿ ನೀರು ಬರಾಕತ್ತದ."

ಪಶ್ಚಿಮದಿಂದ ನೀರಿನ ಮೇಲೊಂದು ಕಪ್ಪು ಕಲೆ ಓಡಿ ಬರುತ್ತಿತ್ತು. ಬಿರುಗಾಳಿಯ ಹೊಡೆತ.

ಹಾಯಿ ಢಮ್ಮೆಂದು ಉಬ್ಬಿತು. ಗಾಳಿಯ ಕಡೆಯ ಒಡಲು ನೀರು ಬಿಟ್ಟು ಮೇಲೆದ್ದಿತು. ಭೀಮರಾಯ ಅದರ ಮೇಲೆ ಬಿದ್ದು ಅಪ್ಪಿಕೊಂಡ.

ಹಗ್ಗ ಲಾಡ್ಲೇಸಾಬನ ತೋಳನ್ನು ಸೆಳೆಯಿತು. ಒಂದು ಸುತ್ತು, ಕೈಗೆ ಒಂದೇ ಒಂದು ಸುತ್ತು ಹಾಕಿಕೊಂಡರೆ ಸಾಕು ಎನಿಸಿತು. ಕೈ ತಾನಾಗಿ ಸುತ್ತಲು ಹೊರಟಿತು.

"ಸುತ್ತಬ್ಯಾಡ್ರಿ ಚಾಚಾ," ಎಂದಳು ಶಾಂಭವಿ. ದನಿ ಏರಿರಲಿಲ್ಲ. "ಗಡಗಡಿ ಹಿಡದದ. ಸಡಿಲ ಬಿಡ್ರಿ."

ಬಿಟ್ಟ. ಗಾಲಿ ಅಲುಗದೆ ನಿಂತಿತ್ತು. ಹಗ್ಗ ಅದರ ಗೀರುಗಳ ಮೇಲೆ ಗೊರಗೊರ ಉಜ್ಜುತ್ತಾ ಒಂದು ಮೊಳ, ಎರಡು ಮೊಳ ಜಾರಿತು. ಹಾಯಿ ಗಾಳಿ ಉಗುಳಿತು. ಎದ್ದ ಒಡಲು ನೀರಿಗೆ ಬಿದ್ದು ಮೂವರನ್ನೂ ತೋಯಿಸಿತು.

"ಎಳೀರಿ."

ಕಟ. ಕಟ. ಕಟ.

ಕಪ್ಪು ಕಲೆ ಪೂರ್ವಕ್ಕೆ ಸರಿದುಹೋಯಿತು. ಲಾಡ್ಲೇಸಾಬ ಹಗ್ಗದಿಂದ ಕಣ್ಣೆತ್ತಲಿಲ್ಲ.

"ಯವ್ವಾ, ಹ್ವಾದ ವರ್ಷ ಇದಕ ಗ್ರೀಸ್ ಹಾಕಿದಾಂವ ನಾನ. ಸದ್ದು ಮಾಡತದಂತ ಹಾಕ್ದೆ. ನಿಮ್ಮಣ್ಣಗ ಹೇಳಲೂ ಇಲ್ಲ."

ನೀರು ಒಡಲಿಗೆ ಬಡಿಯುತ್ತಿತ್ತು. ಭೀಮರಾಯ ಮುಖ ತಿರುಗಿಸಿ ದಡ ನೋಡಿದ.

"ಗೊತ್ತದ," ಎಂದಳು ಶಾಂಭವಿ. "ಸೀಮೆಎಣ್ಣಿಯಾಗ ತೊಳದಾಕಿ ನಾನ. ನೀವು ಮೋಟಾರಿಗೆ ಹಾಕೂ ಅದೇ ಕೆಂಪು ಗ್ರೀಸ್. ಹಗ್ಗ ಕಲಿಸೂ ದಿನ ಹೇಳತೀರೇನೋ ಅಂತ ಕಾದೀನಿ."

"ಬಾಯಿ ಬರಲಿಲ್ಲ."

"ಸದ್ದಿಲ್ಲದ ಗಡಗಡಿ ನೋಡಿ ಅಣ್ಣನಾದ್ರೂ ಹೊರಡಬಾರದಿತ್ತು. ಅವಗ ಅವಸರ." ಅವಳು ಚುಕ್ಕಾಣಿಯನ್ನು ದಡದತ್ತ ತಿರುಗಿಸಿದಳು. ಆಮೇಲೆ ಹೇಳಿದಳು: "ನಿಮ್ಮ ಮ್ಯಾಲ ಸಿಟ್ಟಿಲ್ಲಂತ ಹೇಳಾಕ ಬರಾಂಗಿಲ್ಲ, ಚಾಚಾ. ಸಿಟ್ಟು ಅದ."

"ಇರಲಿ ಯವ್ವಾ," ಎಂದ ಅವನು. "ಇರಬೇಕು."

ದೋಣಿ ತಾನಾಗಿಯೇ ದಡದ ಮರಳಿಗೆ ಮೂಗು ಊರಿತು. ಭೀಮರಾಯ ಇಳಿದು ಅದರ ಬೆನ್ನು ತಟ್ಟಿದ. "ಬಂತು ನೋಡ್ರಿ ಕುದುರಿ."

ಶಾಂಭವಿ ಯಂತ್ರವನ್ನು ಟವೆಲಿನಲ್ಲಿ ಸುತ್ತಿದಳು. ಇದರಲ್ಲಿ ಅಣ್ಣ ಹೋದ ಗಳಿಗೆಯೂ ಇದೆ ಎಂದಳು. ನೀರಿಗೇನೂ ಗೊತ್ತಾಗಿರುವುದಿಲ್ಲ, ಒಂದು ನೆಟ್ಟನೆಯ ಗೆರೆ ಇರುತ್ತದೆ ಅಷ್ಟೇ. ಆಮೇಲೆ ರಾಟೆಯನ್ನು ಕೊಂಡಿಯಿಂದ ಕಳಚಿ ಲಾಡ್ಲೇಸಾಬನ ಅಂಗೈ ಮೇಲಿಟ್ಟಳು.

"ರಾಡಿ ಹಿಡದದ. ತೊಳೀರಿ. ಬರೇ ನೀರಾಗ."

ಅವನು ಮೊಣಕಾಲುದ್ದ ನೀರಿಗಿಳಿದು ಕುಕ್ಕರಿಸಿದ. ಗಾಲಿಯನ್ನು ಮುಳುಗಿಸಿ, ಬೆರಳಿನಿಂದ ಗೀರು ಗೀರಿನ ಮಣ್ಣು ತೆಗೆದ. ಹಗ್ಗ ಉಜ್ಜಿದ ಅಂಗೈ ಉರಿಯುತ್ತಿತ್ತು. ಆಮೇಲೆ ರಾಟೆಯನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಒಂದು ಹಲ್ಲೂ ತಪ್ಪದೆ ಎಲ್ಲ ಸದ್ದೂ ಕೇಳುವ ತನಕ ಅಲ್ಲಿಂದ ಏಳಲಿಲ್ಲ.